ಡ್ರಮ್ಮರ್‌ಗಳ ಜೊತೆ ಮಾತಿಗೆ ಕೂತರೆ ಏನು ಕೇಳಬೇಕು?

ಮಾತುಗಾರ
ಡ್ರಮ್ ನುಡಿಸುವವರ ಜೊತೆ ಕೂತು, ನಿಧಾನಕ್ಕೆ ಮಾತಾಡಿಸಿ ರೆಕಾರ್ಡ್ ಮಾಡುವ ಕೆಲಸ ಶುರು ಮಾಡಿದ್ದೇನೆ. ಕೈಗೆ ಕಡ್ಡಿ ಹೇಗೆ ಬಂತು, ಮೊದಲ ಕೆಲಸ ಯಾರು ಕೊಟ್ಟರು, ಒಂದು ಬೀಟ್ ಹೇಗೆ ಹುಟ್ಟುತ್ತದೆ, ಮನೆ ಹೇಗೆ ನಡೆಯುತ್ತದೆ, ಇಂಥವೆಲ್ಲ. ಒಂದು ವಿಷಯ ಮಾತ್ರ ಪ್ರತಿ ಸಲ ಎದುರಾಗುತ್ತಿದೆ. ಯಾವ ಸ್ನೇರ್ (ಎದುರಿಗೆ ಇಟ್ಟುಕೊಳ್ಳುವ ಚಪ್ಪಟೆ ಡ್ರಮ್), ಯಾವ ಸಿಂಬಲ್ (ಲೋಹದ ತಟ್ಟೆ), ಯಾವ ಪೆಡಲ್ ಅಂತ ಕೇಳಿದರೆ ಉಸಿರು ಬಿಡದೆ ಹೇಳುತ್ತಾರೆ. "ನೀವು ಸ್ವಂತವಾಗಿ ಸೃಷ್ಟಿಸಿದ್ದು ಯಾವುದು" ಅಂದ ತಕ್ಷಣ ಸುಮ್ಮನಾಗುತ್ತಾರೆ. "ನಂದೇನಿದೆ, ಹಾಡು ಅವರು ಬರೆದರು, ನಾನು ಲಯ ಹಿಡಿದೆ ಅಷ್ಟೇ" ಅನ್ನುತ್ತಾರೆ. ಗಿಟಾರ್‌ನವರನ್ನು ಕೇಳಿದಾಗ ಹೀಗಾಗುವುದಿಲ್ಲ. ಇದು ವಿನಯವಾ, ಇಲ್ಲಾ ಅವರು ನಿಜಕ್ಕೂ ಹಾಗೇ ಅಂದುಕೊಂಡಿದ್ದಾರಾ? ನೀವು ನುಡಿಸುವವರಾದರೆ ಹೇಳಿ, ಇಷ್ಟು ವರ್ಷ ನಿಮ್ಮನ್ನು ಯಾರೂ ಕೇಳದೇ ಇರುವ ಪ್ರಶ್ನೆ ಯಾವುದು?

ಹಳೇಸ್ನೇರ್
ಪ್ರಶ್ನೆ ಕೇಳುವ ರೀತಿ ಬದಲಿಸಿ. "ಸೃಷ್ಟಿ" ಅಂದರೆ ಯಾರಾದರೂ ಹಿಂಜರಿಯುತ್ತಾರೆ. ಅವರದೇ ಹಳೆಯ ರೆಕಾರ್ಡಿಂಗ್ ಒಂದು ಹಾಕಿ, ಹೆಡ್‌ಫೋನ್ ಕೊಡಿ. "ಎರಡನೇ ಚರಣದಲ್ಲಿ ಇಲ್ಲಿ ಯಾಕೆ ಏನೂ ನುಡಿಸಲಿಲ್ಲ?" ಅಂತ ಕೇಳಿ. ಆಮೇಲೆ ನೀವು ಸುಮ್ನೆ ಕೂತರೆ ಸಾಕು.

ಕಿಕ್‌ಪೆಡಲ್
ನೂರಕ್ಕೆ ನೂರು. ಬಿಟ್ಟದ್ದನ್ನು ಕೇಳಬೇಕು, ನುಡಿಸಿದ್ದನ್ನಲ್ಲ.

ಬೇಸ್‌ಹುಡುಗಿ
ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ಅಂದರೆ ಸಂಜೆಯೆಲ್ಲ ಡ್ರಮ್ಮರ್‌ನ ಕಿಕ್ (ದೊಡ್ಡ ಡ್ರಮ್) ತುಳಿಯುವ ಬಲಗಾಲು ನೋಡಿಕೊಂಡೇ ನಿಂತಿರುತ್ತೇನೆ. "ಲಯ ಹಿಡಿದೆ ಅಷ್ಟೇ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದೇ ಹಾಡು, ಅದೇ ವೇಗ, ಅದೇ ನೋಟ್ಸ್. ಸ್ನೇರ್ ಒಂಚೂರು ತಡವಾಗಿ ಬಿದ್ದರೆ ಹಾಡು ಆರಾಮವಾಗಿ ಕೂರುತ್ತದೆ, ಒಂಚೂರು ಮುಂದೆ ಬಿದ್ದರೆ ಅವಸರ ಶುರುವಾಗುತ್ತದೆ. ನಿಮಿಷಕ್ಕೆ 120 ಬೀಟ್‌ನ ವೇಗದಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡು. ಅದರೊಳಗೆ ಎಲ್ಲಿ ಕೂರಬೇಕು ಅಂತ ನಿರ್ಧರಿಸುವುದು ಯಾರು? ಹಾಡು ಬರೆದವರು ಅದನ್ನು ಬರೆದು ಕೊಟ್ಟಿರುವುದಿಲ್ಲ. ಕಾಗದದಲ್ಲಿ ಅದಕ್ಕೆ ಗುರುತೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: "ಯಾರ ಜೊತೆ ನುಡಿಸುವಾಗ ನೀವು ಹಿಂದೆ ಸರಿದು ಕೂರುತ್ತೀರಿ, ಯಾರ ಜೊತೆ ತಳ್ಳುತ್ತೀರಿ" ಅಂತ ಕೇಳಿ. ಹೆಸರು ಹಿಡಿದು ಹೇಳುತ್ತಾರೆ ನೋಡಿ.

ರಾತ್ರಿಶೋ
ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ ನುಡಿಸುವ ವಿಡಿಯೊ ನೋಡಿ. ಎರಡು ಮತ್ತು ನಾಲ್ಕನೇ ಬೀಟ್‌ನಲ್ಲಿ ಸ್ನೇರ್ ಹೊಡೆಯುವಾಗ ಬಲಗೈ ಹೈ-ಹ್ಯಾಟ್‌ನಿಂದ (ಜೋಡಿ ಸಿಂಬಲ್) ಮೇಲೆ ಎದ್ದುಬಿಡುತ್ತದೆ. ಅಲ್ಲಿ ಹೈ-ಹ್ಯಾಟ್ ಸದ್ದೇ ಇಲ್ಲ, ಬರೀ ಸ್ನೇರ್. ಆ ತಂಡದ ಹಾಡುಗಳಿಗೆ ಆ ನಡಿಗೆ ಬಂದದ್ದರಲ್ಲಿ ಇದಕ್ಕೂ ಪಾಲಿದೆ. ಇದನ್ನು ಸೃಷ್ಟಿ ಅನ್ನದೆ ಇನ್ನೇನು ಅನ್ನಬೇಕು?

ಎಡಗೈ
ಇನ್ನೊಂದು ಸೇರಿಸುತ್ತೇನೆ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಎಡಗೈಯವರು, ಆದರೆ ಬಲಗೈಯವರ ಹಾಗೆ ಜೋಡಿಸಿದ ಕಿಟ್‌ನಲ್ಲೇ ನುಡಿಸಿದರು. ಫಿಲ್ (ಸಾಲುಗಳ ನಡುವೆ ತುಂಬುವ ಸಣ್ಣ ತುಣುಕು) ಹೊಡೆಯುವಾಗ ಟಾಮ್‌ಗಳ (ಸ್ನೇರ್ ಸುತ್ತಲಿನ ಡ್ರಮ್‌ಗಳ) ಮೇಲೆ ಕೈ ಸುಲಭವಾಗಿ ಸಾಗುವುದಿಲ್ಲ, ಮೊದಲ ಏಟಿಗೆ ಎಡಗೈ ಮುಂದೆ ಬರುತ್ತದೆ, ಅದಕ್ಕೇ ಅವರ ಫಿಲ್‌ಗಳಲ್ಲಿ ಒಂದು ವಿಚಿತ್ರ ಬಿಡುವು ಇದೆ. ನಾನೂ ಎಡಗೈಯವನೇ. ಶುರುವಿನಲ್ಲಿ ಕಲಿಸಿದವರು ಕಿಟ್ ತಿರುಗಿಸಲು ಬಿಡಲಿಲ್ಲ. ವರ್ಷಗಟ್ಟಲೆ ಅದನ್ನೇ ಕೊರತೆ ಅಂದುಕೊಂಡಿದ್ದೆ. ಈಗ ಜನ ನನ್ನನ್ನು ಕರೆಯುವುದೇ ಆ ಫಿಲ್‌ಗಳಿಗೆ. ದೇಹದ ಬಗ್ಗೆ ಕೇಳಿ ಸ್ವಾಮಿ. ಯಾವ ಕೈ ಕೇಳುತ್ತದೆ, ಯಾವ ಕಾಲು ಹಟ ಮಾಡುತ್ತದೆ, ಶೈಲಿ ಅನ್ನುವುದು ಅರ್ಧ ಅಲ್ಲೇ ಇದೆ.

ಪಾಠದಮೇಷ್ಟ್ರು
ಈ ಪ್ರಶ್ನೆಯನ್ನೇ ಹಿಡಿದು ಪಿಎಚ್‌ಡಿ ಮಾಡಿದ ಡ್ರಮ್ಮರ್ ಒಬ್ಬರಿದ್ದಾರೆ, ಬಿಲ್ ಬ್ರೂಫೋರ್ಡ್. ಯೆಸ್, ಕಿಂಗ್ ಕ್ರಿಮ್ಸನ್ ತಂಡಗಳಲ್ಲಿ ನುಡಿಸಿದವರು. 2009ರಲ್ಲಿ ವೇದಿಕೆಯಿಂದ ಇಳಿದರು. ಆಮೇಲೆ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯಕ್ಕೆ ಸೇರಿ, ಪಳಗಿದ ಡ್ರಮ್ಮರ್‌ಗಳನ್ನು ಮಾತಾಡಿಸಿ, ಅವರ ಸೃಜನಶೀಲತೆ ಎಲ್ಲಿದೆ ಅಂತ ಹುಡುಕಿ 2016ರಲ್ಲಿ ಪಿಎಚ್‌ಡಿ ಪಡೆದರು. ಅಷ್ಟು ದೊಡ್ಡ ಹೆಸರಿನವರಿಗೂ ಇದು ಬಗೆಹರಿದ ಪ್ರಶ್ನೆ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ.

ನನ್ನ ವಿದ್ಯಾರ್ಥಿಗಳಲ್ಲೂ ನೋಡುತ್ತೇನೆ. ರಾಗ ಕಟ್ಟಿದರೆ, ಪದ ಬರೆದರೆ ಮಾತ್ರ ಸೃಷ್ಟಿ ಅನ್ನುವ ನಂಬಿಕೆ ಬೇರೂರಿದೆ. ಹಾಗಾಗಿ ಡ್ರಮ್ಮರ್ ತನ್ನ ಕೆಲಸಕ್ಕೆ "ನುಡಿಸಿಕೊಟ್ಟೆ" ಅನ್ನುವ ಮಾತು ಬಳಸುತ್ತಾನೆ. ವಿನಯ ಅಲ್ಲ ಅದು, ಅಭ್ಯಾಸ.

ಸಿಂಬಲ್‌ಸದ್ದು
ಬ್ರೂಫೋರ್ಡ್ ಪೂರ್ತಿ ಇಳಿದಿಲ್ಲ ಮೇಷ್ಟ್ರೇ. ಈಚಿನ ವರ್ಷಗಳಲ್ಲಿ ಪೀಟ್ ರಾತ್ ಟ್ರಿಯೋ ಜೊತೆ ಮತ್ತೆ ನುಡಿಸುತ್ತಿದ್ದಾರೆ.

ಪಾಠದಮೇಷ್ಟ್ರು
ಹೌದು, ಅದೂ ಸಂತೋಷದ ವಿಷಯವೇ. ಹಾಗಾದರೆ ಆ ಪ್ರಶ್ನೆಯೂ ಪಟ್ಟಿಗೆ ಸೇರಲಿ: ಬಿಟ್ಟವರು ಯಾಕೆ ವಾಪಸ್ ಬಂದರು?

ಲೆಕ್ಕಪತ್ರ
ಎಲ್ಲರೂ ಲಯ, ಭಾವ ಅಂತ ಮಾತಾಡುತ್ತಿದ್ದೀರಿ. ದುಡ್ಡಿನ ಮಾತು ಎಲ್ಲಿ? "ನಂದೇನಿದೆ" ಅನ್ನುವ ಮಾತಿನ ಬೇರು ಅಲ್ಲಿದೆ. ಹಾಡಿನ ಹಕ್ಕು ಅಂದರೆ ಪದ ಮತ್ತು ರಾಗ. ಡ್ರಮ್‌ನ ಬೀಟ್ ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಗ್ರೆಗರಿ ಕೋಲ್‌ಮನ್ ಕಥೆ ಗೊತ್ತಲ್ವಾ? ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್. 1969ರಲ್ಲಿ ಒಂದು ರೆಕಾರ್ಡಿನ ಹಿಂಬದಿಯ ಹಾಡಿನಲ್ಲಿ ನಾಲ್ಕು ಬಾರ್ (ನಾಲ್ಕು ಆವರ್ತ) ಒಬ್ಬರೇ ನುಡಿಸಿದರು. ಹತ್ತು ಸೆಕೆಂಡು ಕೂಡ ಇಲ್ಲ. ಅದನ್ನೇ ಈಗ ಆಮೆನ್ ಬ್ರೇಕ್ ಅನ್ನುತ್ತಾರೆ, ಬ್ರೇಕ್ ಅಂದರೆ ಡ್ರಮ್ ಮಾತ್ರ ಕೇಳುವ ತುಣುಕು. ಹಿಪ್-ಹಾಪ್‌ನಲ್ಲಿ ಸಾವಿರಾರು ಹಾಡುಗಳಿಗೆ ಅದನ್ನು ಕತ್ತರಿಸಿ ಬಳಸಿದ್ದಾರೆ, ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನುವ ಪ್ರಕಾರಗಳೇ ಅದರ ಮೇಲೆ ನಿಂತಿವೆ. ಕೋಲ್‌ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ತಲೆಯ ಮೇಲೆ ಸೂರೂ ಇರಲಿಲ್ಲ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡ್ ಸೇರಿಸಿದರು, ಅದು ಸೇರಿದ್ದು ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ. ನುಡಿಸಿದವರು ಆಗ ಇರಲೇ ಇಲ್ಲ.

ಕಿಕ್‌ಪೆಡಲ್
ಕ್ಲೈಡ್ ಸ್ಟಬಲ್‌ಫೀಲ್ಡ್ ಕೂಡ. ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿ 1969ರಲ್ಲಿ "ಫಂಕಿ ಡ್ರಮ್ಮರ್" ಹಾಡಿಗೆ ನುಡಿಸಿದ ಆ ಒಂದು ಬ್ರೇಕ್ ಎಷ್ಟು ಹಾಡುಗಳಲ್ಲಿ ಓಡುತ್ತಿದೆ ಅಂತ ಲೆಕ್ಕ ಇಡುವುದೇ ಕಷ್ಟ. ಹಾಡಿನ ಹಕ್ಕುದಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರಿಗೆ ಕ್ಯಾನ್ಸರ್ ಬಂದಾಗ ಆಸ್ಪತ್ರೆಯ ಬಿಲ್ಲು ಕಟ್ಟಿದ್ದು ಗಾಯಕ ಪ್ರಿನ್ಸ್, ಅದೂ ಯಾರಿಗೂ ಹೇಳದೆ. 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ ಸ್ಟಬಲ್‌ಫೀಲ್ಡ್ ಅವರೇ ಹೇಳಿದ ಮೇಲೆ ಲೋಕಕ್ಕೆ ಗೊತ್ತಾಯಿತು.

ಆ ಬ್ರೇಕ್ ನುಡಿಸಲು ಹೋಗಿ ನೋಡಿ. ಜೋರಾಗಿ ಕೇಳುವ ಏಟುಗಳು ಯಾರಿಗಾದರೂ ಬರುತ್ತವೆ. ಅವುಗಳ ನಡುವೆ ಎಡಗೈ ಸ್ನೇರ್ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಆಡುತ್ತದಲ್ಲ, ಆ ಘೋಸ್ಟ್ ನೋಟ್‌ಗಳು ಬರುವುದಿಲ್ಲ. ಕಡ್ಡಿಯ ತುದಿ ಚರ್ಮದಿಂದ ಎರಡು ಬೆರಳು ಎತ್ತರಕ್ಕಿಂತ ಮೇಲೆ ಏಳಬಾರದು, ಆದರೂ ಮುಂದಿನ ಕ್ಷಣಕ್ಕೆ ಅದೇ ಕೈ ಪೂರ್ತಿ ಏಟು ಹೊಡೆಯಬೇಕು.

ಗಿಟಾರ್‌ರಾಜ
ನೋವಿನ ಕಥೆ ನಿಜ, ಒಪ್ಪುತ್ತೇನೆ. ಆದರೆ ಪ್ರತಿ ಬೀಟ್‌ಗೂ ಹಕ್ಕು ಕೊಡುತ್ತಾ ಹೋದರೆ ಸಂಗೀತ ನಿಂತೇ ಹೋಗುತ್ತದೆ ಅಲ್ವಾ? ಷಫಲ್ (ಉಯ್ಯಾಲೆಯಂತೆ ತೂಗುವ ಲಯ) ಯಾರದು? ಗಿಟಾರ್‌ನ ಬೋ ಡಿಡ್ಲಿ ಹೆಸರಿನ ಬೀಟ್ ನುಡಿಸಿದಾಗಲೆಲ್ಲ ಯಾರಿಗೆ ಕಟ್ಟಬೇಕು? ಎಲ್ಲರೂ ಎಲ್ಲರಿಂದಲೂ ತೆಗೆದುಕೊಂಡವರೇ.

ಲೆಕ್ಕಪತ್ರ
ಬೀಟ್ ಕಲಿತು ನುಡಿಸುವುದು ಬೇರೆ, ಒಬ್ಬ ಮನುಷ್ಯ ನುಡಿಸಿದ ರೆಕಾರ್ಡಿಂಗನ್ನೇ ಕತ್ತರಿಸಿ ಅಂಟಿಸುವುದು ಬೇರೆ. ಎರಡನೆಯದರಲ್ಲಿ ಆ ಮನುಷ್ಯನ ಕೈಯೇ ಇದೆ. ಬರೆದವರ ಹಕ್ಕಿನ ಪಕ್ಕದಲ್ಲೇ ನುಡಿಸಿದವರ ಹಕ್ಕು ಅಂತ ಒಂದಿದೆ. ಹಲವು ದೇಶಗಳಲ್ಲಿ ಹಾಡು ರೇಡಿಯೊದಲ್ಲಿ ಬಂದರೆ ಸೆಷನ್ ಡ್ರಮ್ಮರ್‌ಗೂ (ಕೂಲಿಗೆ ಬಂದು ನುಡಿಸಿ ಹೋಗುವವರಿಗೂ) ಒಂದು ಪಾಲು ಸಿಗುತ್ತದೆ, ಹೆಸರು ನೋಂದಾಯಿಸಿದ್ದರೆ. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಮಾತ್ರ ನುಡಿಸಿದವರಿಗೆ ಏನೂ ಕೊಡುವುದಿಲ್ಲ. ಎಷ್ಟೋ ಜನ ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಮಾತುಗಾರರೇ, ದಯವಿಟ್ಟು ಇದನ್ನು ಪ್ರತಿಯೊಬ್ಬರಿಗೂ ಕೇಳಿ, ಗೊತ್ತಿಲ್ಲ ಅಂದರೆ ಅಲ್ಲೇ ತಿಳಿಸಿ.

ಸಿಂಬಲ್‌ಸದ್ದು
ಗಿಟಾರ್‌ರಾಜ ಹೇಳಿದ್ದಕ್ಕೆ ಚಂದದ ಉದಾಹರಣೆ ಜೆಫ್ ಪೋರ್ಕಾರೊ. ಟೋಟೋ ತಂಡದ 1982ರ "ರೊಸಾನಾ" ಹಾಡಿಗೆ ನುಡಿಸಿದ ಹಾಫ್-ಟೈಮ್ (ಅರ್ಧ ವೇಗದ ಹಾಗೆ ಕೇಳುವ) ಷಫಲ್ ಬಗ್ಗೆ ಅವರೇ ಬಿಡಿಸಿ ಹೇಳಿದ್ದಾರೆ: ಒಂದು ಭಾಗ ಡ್ರಮ್ಮರ್ ಬರ್ನಾರ್ಡ್ ಪರ್ಡಿಯಿಂದ, ಒಂದು ಭಾಗ ಇನ್ನೊಬ್ಬ ಡ್ರಮ್ಮರ್ ಜಾನ್ ಬಾನಮ್‌ನಿಂದ, ಕಿಕ್ ಬೋ ಡಿಡ್ಲಿಯಿಂದ. ಎಲ್ಲಿಂದ ತಂದೆ ಅಂತ ಹೆಸರು ಹೇಳಿಯೂ ಅದು ಅವರದ್ದೇ ಆಗಿ ಉಳಿಯಿತು. ನನ್ನ ಪ್ರಕಾರ "ನಿಮ್ಮ ಈ ಬೀಟ್‌ನ ಅಪ್ಪ ಅಮ್ಮ ಯಾರು" ಅನ್ನುವುದೇ ಅತ್ಯಂತ ಒಳ್ಳೆಯ ಪ್ರಶ್ನೆ. "ಸೃಷ್ಟಿಸಿದ್ದು ಏನು" ಅಂದರೆ ಮುಚ್ಚಿಕೊಳ್ಳುವವರು ಇದಕ್ಕೆ ಖುಷಿಯಿಂದ ಉತ್ತರ ಕೊಡುತ್ತಾರೆ.

ಬಾಡಿಗೆಕೈ
ನಾನು ಸೆಷನ್‌ಗೆ ಹೋಗುವವನು. ಇವತ್ತಿಗೂ ನನ್ನ ಹೆಸರಿಲ್ಲದ ಹಾಡುಗಳು ಓಡುತ್ತಿವೆ. ಒಂದು ತಂಡದ ಡ್ರಮ್ಮರ್ ನುಡಿಸಿದ್ದು ಕೂರಲಿಲ್ಲ ಅಂತ ರಾತ್ರಿ ನನ್ನನ್ನು ಕರೆಸಿ ಪೂರ್ತಿ ಮತ್ತೆ ನುಡಿಸಿದರು, ಯಾರಿಗೂ ಹೇಳಬೇಡ ಅಂದರು. ಹೇಳಿಲ್ಲ. ಆ ಡ್ರಮ್ಮರ್‌ಗೂ ಗೊತ್ತಿತ್ತು ಅನಿಸುತ್ತದೆ, ಎದುರಿಗೆ ಸಿಕ್ಕಾಗ ನನ್ನ ಕಣ್ಣು ತಪ್ಪಿಸುತ್ತಿದ್ದ. ಅವನ ಮೇಲೆ ನನಗೆ ಬೇಸರವಿಲ್ಲ, ಅಂಥ ಏರ್ಪಾಡಿನ ಮೇಲೆ ಇದೆ.

ಇದು ಹೊಸದೂ ಅಲ್ಲ. ಹಾಲ್ ಬ್ಲೇನ್ ನೋಡಿ. 1966ರಿಂದ 1971ರವರೆಗೆ ಸತತ ಆರು ವರ್ಷ ಗ್ರ್ಯಾಮಿಯ ವರ್ಷದ ರೆಕಾರ್ಡ್ ಪ್ರಶಸ್ತಿ ಪಡೆದ ಹಾಡುಗಳಲ್ಲಿ ಡ್ರಮ್ ಅವರದು. ಬೇರೆ ಬೇರೆ ಗಾಯಕರು, ಬೇರೆ ಬೇರೆ ತಂಡಗಳು, ಹಿಂದೆ ಕೂತವರು ಒಬ್ಬರೇ. ಆಗಿನ ಕೇಳುಗರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತು?

ನನ್ನನ್ನು ಯಾರೂ ಕೇಳದ ಪ್ರಶ್ನೆ ಇದು: "ನಿಮ್ಮ ಹೆಸರಿಲ್ಲದ ಕೆಲಸಗಳಲ್ಲಿ ನಿಮಗೆ ಅತ್ಯಂತ ಇಷ್ಟವಾದದ್ದು ಯಾವುದು?"

ಮಾತುಗಾರ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಖಂಡಿತ ಕೇಳುತ್ತೇನೆ.

ಸೌಂಡ್‌ಡೆಸ್ಕ್
ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಸ್ಟುಡಿಯೊದಲ್ಲಿ ಮೈಕ್ ಇಡುವವನು ನಾನು. ಡ್ರಮ್ಮರ್‌ಗಳ ಬಗ್ಗೆ ತಿಳಿಯಬೇಕಾದರೆ ಮಾತಿಗೆ ಮುಂಚೆ ಅವರ ಸ್ನೇರ್‌ನ ಮೇಲ್ಮೈ ನೋಡಿ. ಹೊಸಬರದ್ದಾದರೆ ಗುರುತುಗಳು ಎಲ್ಲಾ ಕಡೆ ಚೆಲ್ಲಿರುತ್ತವೆ, ಅಂಚಿನವರೆಗೂ. ಸ್ಟುಡಿಯೊದಲ್ಲಿ ಬೆಳೆದವರದ್ದಾದರೆ ನಟ್ಟನಡುವೆ ಅಂಗೈಗಿಂತ ಚಿಕ್ಕ ಒಂದು ಬೂದು ಮಚ್ಚೆ, ಅದರ ಪಕ್ಕದಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು ಮಸುಕು ಮಚ್ಚೆ, ಅದು ಘೋಸ್ಟ್ ನೋಟ್‌ಗಳ ಜಾಗ. ಮಿಕ್ಕಿದ್ದೆಲ್ಲ ಬಿಳಿ. ಪ್ರತಿ ಏಟೂ ಒಂದೇ ಕಡೆ ಬಿದ್ದರೆ ಮಾತ್ರ ಸದ್ದು ಒಂದೇ ಥರ ಇರುತ್ತದೆ, ನನ್ನ ಕೆಲಸ ಅರ್ಧ ಕಡಿಮೆ ಆಗುತ್ತದೆ.

ಟ್ಯೂನ್ ಮಾಡುವುದನ್ನೂ ನೋಡಿ. ಒಂದು ಬೋಲ್ಟ್ ತಿರುಗಿಸಿದರೆ ಮುಂದಿನದು ಅದರ ಎದುರಿನದು, ಪಕ್ಕದ್ದಲ್ಲ. ಅಂಚಿನಿಂದ ಒಂದಿಂಚು ಒಳಗೆ ಕಡ್ಡಿಯ ತುದಿಯಿಂದ ತಟ್ಟಿ, ತಲೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ಕೆಲವರು ಆಗ ತಾವೇ ಸಣ್ಣಗೆ ಆ ಸ್ವರ ಗುನುಗುತ್ತಾರೆ. ಆ ಹೊತ್ತಿಗೆ ನಿಮ್ಮ ರೆಕಾರ್ಡರ್ ಆನ್ ಇರಲಿ. ನನ್ನ ಅನುಭವದಲ್ಲಿ ಗುರುವಿನ ನೆನಪು, ಮೊದಲ ಕಿಟ್‌ನ ನೆನಪು, ಅಪ್ಪನ ಬೈಗುಳ ಎಲ್ಲ ಹೊರಗೆ ಬರುವುದು ಆಗಲೇ.

ಹೊಸಕಡ್ಡಿ
ನಾನು ಕಲಿಯುತ್ತಿರುವವನು. ಕ್ಲಿಕ್ ಟ್ರ್ಯಾಕ್ (ವೇಗ ಹಿಡಿಯಲು ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು) ಜೊತೆ ನುಡಿಸಿದರೆ ಜೀವ ಹೋಗುತ್ತದೆ ಅಂತ ಕೆಲವರು, ಕ್ಲಿಕ್ ಇಲ್ಲದೆ ಕೆಲಸವೇ ಸಿಗಲ್ಲ ಅಂತ ಕೆಲವರು. ಯಾವುದು ಸರಿ?

ಸೌಂಡ್‌ಡೆಸ್ಕ್
ಎರಡನೆಯದು. ಕ್ಲಿಕ್ ಜೊತೆ ಜೀವ ತುಂಬಿ ನುಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹಳೇಸ್ನೇರ್
ಒಪ್ಪಲ್ಲ. ಹಾಡು ಕೋರಸ್‌ಗೆ ಏರುವಾಗ ವೇಗವೂ ಚೂರು ಏರಬೇಕು, ಮನುಷ್ಯ ಹಾಡುವುದೇ ಹಾಗೆ. ಹಳೆಯ ರೆಕಾರ್ಡಿಂಗ್‌ಗಳನ್ನು ಕ್ಲಿಕ್ ಪಕ್ಕ ಇಟ್ಟು ಅಳೆದು ನೋಡಿ, ಅವು ಒಂದೇ ವೇಗದಲ್ಲಿ ನಿಲ್ಲುವುದೇ ಇಲ್ಲ. ಆದರೂ ಕೇಳಿದವರಿಗೆ ಅದು ತಪ್ಪು ಅನಿಸಿಲ್ಲ. ಹೊಸಕಡ್ಡಿ, ಕ್ಲಿಕ್ ಜೊತೆ ಅಭ್ಯಾಸ ಮಾಡು, ಅದಿಲ್ಲದೆಯೂ ನಾಲ್ಕು ಜನರ ಜೊತೆ ನುಡಿಸು. ಎರಡೂ ಬೇಕು.

ಸೌಂಡ್‌ಡೆಸ್ಕ್
ಅಭ್ಯಾಸಕ್ಕೆ ನಿಮ್ಮ ಮಾತು ಸರಿ. ಸ್ಟುಡಿಯೊದಲ್ಲಿ ಆಮೇಲೆ ಹತ್ತು ಪದರ ಸೇರಿಸುವಾಗ ಕ್ಲಿಕ್ ಇಲ್ಲದಿದ್ದರೆ ಆಗುವ ಪಾಡು ನನಗೆ ಗೊತ್ತು.

ತಕಧಿಮಿ
ಏಳು, ಐದು, ಒಂಬತ್ತರ ಲೆಕ್ಕಗಳು ಕಷ್ಟ ಅನ್ನುವ ಡ್ರಮ್ಮರ್‌ಗಳಿಗೆ ನನ್ನ ಒಂದು ಮಾತು. ಬಾಯಲ್ಲಿ ಹೇಳಿ. ತಕಿಟ ತಕಧಿಮಿ ಅಂದರೆ ಏಳಾಯಿತು. ಜರ್ನಿ ತಂಡದ ಡ್ರಮ್ಮರ್ ಆಗಿದ್ದ ಸ್ಟೀವ್ ಸ್ಮಿತ್ ಕೊನ್ನಕ್ಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಕಲಿತು ವೇದಿಕೆಯ ಮೇಲೆ ಹೇಳಿಯೂ ನುಡಿಸಿಯೂ ತೋರಿಸುತ್ತಾರೆ. ಬಾಯಿಗೆ ಬಂದದ್ದು ಕೈಗೆ ಬರುತ್ತದೆ. ಮಾತುಕತೆಯಲ್ಲೂ "ನುಡಿಸಿ ತೋರಿಸಿ" ಅನ್ನುವ ಬದಲು "ಬಾಯಲ್ಲಿ ಹೇಳಿ" ಅನ್ನಿ. ಪ್ರತಿ ಡ್ರಮ್ಮರ್‌ಗೂ ತನ್ನದೇ ಒಂದು ಬಾಯಿಯ ಭಾಷೆ ಇರುತ್ತದೆ, ಡುಂ, ಟಕ್, ಚಿಸ್ ಅಂತ. ಕೇಳುವುದಕ್ಕೇ ಆನಂದ.

ಕಿಕ್‌ಪೆಡಲ್
ಇದು ಚೆನ್ನಾಗಿದೆ. ರೆಕಾರ್ಡಿಂಗ್‌ನಲ್ಲೂ ಚೆನ್ನಾಗಿ ಬರುತ್ತದೆ.

ಕಿವಿಮಾತು
ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕಿವಿ. ಕಿವಿಯ ಬಗ್ಗೆ ಕೇಳಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ಹದಿನೈದೇ ನಿಮಿಷ. ಸಣ್ಣ ಕೋಣೆಯಲ್ಲಿ ಕಿಟ್ ಬಾರಿಸಿದರೆ 100 ದಾಟುವುದು ಏನೂ ಕಷ್ಟ ಅಲ್ಲ. ನನ್ನ ಎಡಗಿವಿಯಲ್ಲಿ ರಾತ್ರಿ ಹಗಲು ಒಂದು ಸಣ್ಣ ಶಿಳ್ಳೆ ಇದೆ, ಹೈ-ಹ್ಯಾಟ್ ಇರುವ ಕಡೆ. ನನ್ನ ಜೊತೆಯ ಬಹಳ ಜನಕ್ಕಿದೆ. ಯಾರೂ ಬಾಯಿ ಬಿಡುವುದಿಲ್ಲ, ಕೆಲಸ ಹೋಗುತ್ತದೆ ಅನ್ನುವ ಭಯ. ಹೊಸಕಡ್ಡಿ, ಇವತ್ತೇ ಇಯರ್‌ಪ್ಲಗ್ ತಗೋ. ಸ್ಟೈಲ್ ನೋಡಬೇಡ.

ಹೊಸಕಡ್ಡಿ
ತಗೋತೀನಿ. ನಿಜವಾಗಿಯೂ.

ಎಡಗೈ
ಕಿವಿ ಮಾತ್ರ ಅಲ್ಲ, ಮೈಯೂ. ಬ್ಲಾಂಡಿ ತಂಡದ ಕ್ಲೆಮ್ ಬರ್ಕ್ ಮೇಲೆ 2008ರ ಹೊತ್ತಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯದವರು ಅಳೆದು ನೋಡಿದ್ದಾರೆ. ಶೋ ನಡೆಯುವಾಗ ಎದೆಬಡಿತ ನಿಮಿಷಕ್ಕೆ ಸರಾಸರಿ 140ರಿಂದ 150, ಮೇಲಕ್ಕೆ ಹೋದರೆ 190. ಅದು ಆಟಗಾರರ ಲೆಕ್ಕ. ಆದರೆ ಆಟಗಾರರಿಗೆ ಮೈ ನೋಡಿಕೊಳ್ಳಲು ಜನ ಇರುತ್ತಾರೆ. ಡ್ರಮ್ಮರ್ ಶೋ ಮುಗಿಸಿ ತಾನೇ ಸ್ಟ್ಯಾಂಡ್ ಮಡಚಿ, ತಾನೇ ಹೊತ್ತುಕೊಂಡು ಹೋಗುತ್ತಾನೆ.

ಹಾಡುಗಾರರೂ ಆದ ಡ್ರಮ್ಮರ್ ಫಿಲ್ ಕಾಲಿನ್ಸ್ ಕುತ್ತಿಗೆಯ ತೊಂದರೆಯಿಂದ 2009ರ ಹೊತ್ತಿಗೆ ಕಡ್ಡಿ ಹಿಡಿಯಲಾಗದ ಸ್ಥಿತಿಗೆ ಬಂದರು. ಆಮೇಲಿನ ಪ್ರವಾಸಗಳಲ್ಲಿ ಅವರು ಕೂತು ಹಾಡಿದರು, ಡ್ರಮ್ ನುಡಿಸಿದ್ದು ಮಗ.

ಬಾಡಿಗೆಕೈ
ರಿಕ್ ಆಲನ್ ಹೆಸರು ಹೇಳಲೇಬೇಕು. ಡೆಫ್ ಲೆಪರ್ಡ್ ತಂಡದ ಡ್ರಮ್ಮರ್. 1984ರ ಡಿಸೆಂಬರ್ 31ರಂದು ಕಾರ್ ಅಪಘಾತದಲ್ಲಿ ಎಡಗೈ ಹೋಯಿತು. ತಂಡದವರು ಬೇರೆಯವರನ್ನು ಹುಡುಕಲಿಲ್ಲ, ಕಾದರು. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿಗೆ ಕೊಟ್ಟು, ಪೆಡಲ್ ತುಳಿದರೆ ಸ್ನೇರ್ ಸದ್ದು ಬರುವ ಹಾಗೆ ಕಿಟ್ ಮಾಡಿಸಿಕೊಂಡು, 1986ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್‌ಟನ್ ಸಂಗೀತೋತ್ಸವದ ದೊಡ್ಡ ಜನಸಾಗರದ ಎದುರು ಬಂದು ಕೂತರು. ನನಗೆ ಮನುಷ್ಯನ ಛಲಕ್ಕಿಂತ ಹೆಚ್ಚಾಗಿ ಹಿಡಿಸುವುದು ಆ ತಂಡ ಕಾದದ್ದು.

ಬೇಸ್‌ಹುಡುಗಿ
ಇಲ್ಲಿವರೆಗೆ ಬಂದ ಹೆಸರುಗಳಲ್ಲಿ ಒಬ್ಬ ಹೆಣ್ಣೂ ಇಲ್ಲ. ಗಮನಿಸಿದಿರಾ?

ತಾಳದವಳು
ನಾನೂ ಅದನ್ನೇ ಬರೆಯಲು ಬಂದೆ. ಅಮೆರಿಕದ ಡ್ರಮ್ಮರ್ ವಯೋಲಾ ಸ್ಮಿತ್. 1912ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು, 107 ವರ್ಷ ಬದುಕಿದರು. ಭುಜದ ಎತ್ತರಕ್ಕೆ ಎರಡು 16 ಇಂಚಿನ ಟಾಮ್ ಕಟ್ಟಿಕೊಂಡು ನುಡಿಸುತ್ತಿದ್ದರು. 1942ರಲ್ಲಿ, ಯುದ್ಧಕ್ಕೆ ಗಂಡಸರು ಹೋದಾಗ, ಹೆಣ್ಣು ಕಲಾವಿದರನ್ನು ಬ್ಯಾಂಡ್‌ಗಳಿಗೆ ಯಾಕೆ ಕರೆಯುತ್ತಿಲ್ಲ ಅಂತ ಡೌನ್ ಬೀಟ್ ಪತ್ರಿಕೆಯಲ್ಲಿ ನೇರವಾಗಿ ಬರೆದರು. ಕಾರ್ಪೆಂಟರ್ಸ್ ತಂಡದ ಕ್ಯಾರೆನ್ ಕಾರ್ಪೆಂಟರ್ ತನ್ನನ್ನು ಹಾಡುವ ಡ್ರಮ್ಮರ್ ಅಂದುಕೊಂಡಿದ್ದರು, ಆದರೆ ಅವರನ್ನು ಕಿಟ್‌ನ ಹಿಂದಿನಿಂದ ಎಬ್ಬಿಸಿ ಮುಂದೆ ನಿಲ್ಲಿಸಿದರು. ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿಗೆ ಹನ್ನೆರಡನೇ ವಯಸ್ಸಿಗೆಲ್ಲ ಕಿವಿ ಬಹುಪಾಲು ಹೋಗಿತ್ತು, ಬರಿಗಾಲಲ್ಲಿ ನಿಂತು ಕಂಪನ ಹಿಡಿದು ನುಡಿಸುತ್ತಾರೆ.

ಇನ್ನು ನನ್ನ ಮಾತು. ಸೌಂಡ್ ಚೆಕ್‌ಗೆ ಹೋದರೆ "ಹಾಡೋರು ಆ ಕಡೆ" ಅನ್ನುತ್ತಾರೆ. ಕಡ್ಡಿ ಚೀಲ ಕೈಯಲ್ಲೇ ಇರುತ್ತದೆ. ಸಂದರ್ಶನ ಮಾಡುವವರು "ಹೆಣ್ಣಾಗಿ ಡ್ರಮ್ ನುಡಿಸುವುದು ಹೇಗನಿಸುತ್ತದೆ" ಅಂತ ಮೊದಲು ಕೇಳಿ ಅಲ್ಲೇ ನಿಂತುಬಿಡುತ್ತಾರೆ. ಮಾತುಗಾರರೇ, ದಯವಿಟ್ಟು ಅದನ್ನು ಕೇಳಬೇಡಿ. ನನ್ನ ಬಲಗಾಲಿನ ಬಗ್ಗೆ ಕೇಳಿ. ಹೀಲ್ ಡೌನ್ (ಹಿಮ್ಮಡಿ ಊರಿ ತುಳಿಯುವುದು) ಬಿಟ್ಟು ಹೀಲ್ ಅಪ್‌ಗೆ (ಹಿಮ್ಮಡಿ ಎತ್ತಿ ತುಳಿಯುವುದಕ್ಕೆ) ಯಾಕೆ ಬಂದೆ ಅಂತ ಕೇಳಿ, ಅದಕ್ಕೆ ಒಂದು ಇಡೀ ಸಂಜೆ ಬೇಕು.

ಮಾತುಗಾರ
ಸಂಜೆ ಪೂರ್ತಿ ಇದೆ. ಹೇಳುತ್ತೀರಾದರೆ ರೆಕಾರ್ಡರ್ ತರುತ್ತೇನೆ.

ತಾಳದವಳು
ಸರಿ, ಆಗಲಿ.

ಗಿಟಾರ್‌ರಾಜ
ಇಷ್ಟೆಲ್ಲ ಸರಿ, ಆದರೆ ಮುಂದೆ ಈ ಕೆಲಸ ಉಳಿಯುತ್ತದಾ? ನನ್ನ ಎಷ್ಟೋ ಡೆಮೊಗಳಿಗೆ ಲ್ಯಾಪ್‌ಟಾಪೇ ಡ್ರಮ್ಮರ್.

ಪಾಠದಮೇಷ್ಟ್ರು
ಈ ಭಯ ಪ್ರತಿ ತಲೆಮಾರಿನದ್ದು. ಮೂಕಿ ಚಿತ್ರಗಳ ಕಾಲದಲ್ಲಿ ಡ್ರಮ್ಮರ್‌ಗಳು ಚಿತ್ರಮಂದಿರದಲ್ಲೇ ಕೂತು ಗುಡುಗು, ಕುದುರೆ ಓಟ, ಬಾಗಿಲ ಸದ್ದು ಎಲ್ಲ ಕೊಡುತ್ತಿದ್ದರು. 1920ರ ದಶಕದ ಕೊನೆಗೆ ಚಿತ್ರ ತಾನೇ ಮಾತಾಡಿತು, ಆ ಕೆಲಸ ಹೋಯಿತು. 1980ರಲ್ಲಿ ರೋಜರ್ ಲಿನ್ ಎಲ್‌ಎಂ-1 ಯಂತ್ರ ತಂದರು, ನಿಜವಾದ ಡ್ರಮ್ ಸದ್ದನ್ನೇ ಹಿಡಿದಿಟ್ಟ ಮೊದಲ ಡ್ರಮ್ ಮಷೀನ್. ಆಗಲೂ ಡ್ರಮ್ಮರ್ ಕಥೆ ಮುಗಿಯಿತು ಅಂದರು. ಕೆಲವರ ಕೆಲಸ ನಿಜವಾಗಿಯೂ ಹೋಯಿತು, ಅದನ್ನು ಸಣ್ಣದು ಮಾಡಬಾರದು. ಇನ್ನು ಕೆಲವರು ತಾವೇ ಆ ಯಂತ್ರ ಕಲಿತು ಅದಕ್ಕೆ ಬೀಟ್ ಹಾಕುವ ಕೆಲಸ ಹಿಡಿದರು.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಹೆಸರು ರಷ್ ತಂಡದ ಡ್ರಮ್ಮರ್ ನೀಲ್ ಪಿಯರ್ಟ್. ಜಗತ್ತೇ ಕೊಂಡಾಡುವ ಹೊತ್ತಿನಲ್ಲಿ, 1990ರ ದಶಕದ ನಡುವೆ, ಫ್ರೆಡ್ಡಿ ಗ್ರೂಬರ್ ಅನ್ನುವ ಮೇಷ್ಟ್ರ ಹತ್ತಿರ ಹೋಗಿ ಕಡ್ಡಿ ಹಿಡಿಯುವುದರಿಂದ ಮತ್ತೆ ಶುರು ಮಾಡಿದರು. ರಷ್ ತಂಡದ ಬಹುತೇಕ ಹಾಡುಗಳ ಪದವೂ ಅವರದೇ. ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಇನ್ನೊಬ್ಬ ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿ ಕಿಟ್‌ನ ಹಿಂದೆ ಕೂತೇ ದಶಕಗಟ್ಟಲೆ ತಂಡ ನಡೆಸಿದರು, ವೇಯ್ನ್ ಶಾರ್ಟರ್, ವಿಂಟನ್ ಮಾರ್ಸಾಲಿಸ್ ಅಂಥ ಜಾಝ್ ದಿಗ್ಗಜರು ಅಲ್ಲಿಂದ ಹಾದು ಬಂದವರು. ಡ್ರಮ್ಮರ್ ಅಂದರೆ ಬರೀ ಕೈಕೆಲಸ ಅನ್ನುವವರಿಗೆ ಇವರೆಲ್ಲ ಉತ್ತರ.

ಗಿಟಾರ್‌ರಾಜ
ಬ್ಲೇಕಿ ಮಾತಿಗೆ ಒಪ್ಪಿದೆ. ಲ್ಯಾಪ್‌ಟಾಪ್ ತಂಡ ಕಟ್ಟಲ್ಲ.

ಹೊಸಕಡ್ಡಿ
ವಿಷಯಾಂತರಕ್ಕೆ ಕ್ಷಮಿಸಿ, ನನ್ನ ಕಿಕ್ ಪೆಡಲ್ ಕಿರ್ ಕಿರ್ ಅನ್ನುತ್ತಿದೆ, ರೆಕಾರ್ಡಿಂಗ್‌ನಲ್ಲೂ ಕೇಳುತ್ತಿದೆ.

ಕಿಕ್‌ಪೆಡಲ್
ಸ್ಪ್ರಿಂಗ್ ಕೊಕ್ಕೆ ಹಾಕುವ ಜಾಗಕ್ಕೆ ಒಂದು ಹನಿ ಎಣ್ಣೆ, ಹಿಮ್ಮಡಿಯ ಕೀಲಿಗೆ ಇನ್ನೊಂದು. ಅದಕ್ಕೂ ನಿಲ್ಲದಿದ್ದರೆ ಅದು ಪೆಡಲ್ ಅಲ್ಲ, ನಿನ್ನ ಸ್ಟೂಲ್.

ಮನೆಕಡೆ
ನಾನು ನುಡಿಸುವವಳಲ್ಲ. ನನ್ನ ಗಂಡ ಡ್ರಮ್ಮರ್. ನೀವು ಅವರನ್ನೆಲ್ಲ ಮಾತಾಡಿಸುತ್ತೀರಿ, ಮನೆಯವರನ್ನೂ ಒಮ್ಮೆ ಮಾತಾಡಿಸಿ. ಟೇಬಲ್ ಮೇಲೆ ಬೆರಳು, ನಿದ್ದೆಯಲ್ಲಿ ಕಾಲು, ಫೋನಲ್ಲಿ ಮಾತಾಡುವಾಗ ತೊಡೆ, ಮನೆಯಲ್ಲಿ ಸದ್ದು ನಿಂತ ಹೊತ್ತೇ ಇಲ್ಲ. ನಿಂತರೆ ನನಗೆ ಗೊತ್ತಾಗುತ್ತದೆ, ಯಾವುದೋ ಕೆಲಸ ಕೈತಪ್ಪಿದೆ ಅಂತ. ಕೆಲಸ ಇಲ್ಲದ ತಿಂಗಳುಗಳಲ್ಲಿ ಅವರು ಕಿಟ್ ಮುಟ್ಟುವುದಿಲ್ಲ, ಧೂಳು ಒರೆಸುವುದೂ ಇಲ್ಲ. ಆಗ ನಾನೇ ಒರೆಸುತ್ತೇನೆ. ಹಬ್ಬ, ಮದುವೆ, ಹುಟ್ಟುಹಬ್ಬ ಎಲ್ಲ ಅವರ ಕೆಲಸದ ದಿನಗಳೇ, ಎಲ್ಲರೂ ಒಟ್ಟಾಗಿ ಕೂರುವ ದಿನ ಅವರು ಬೇರೆಲ್ಲೋ ನುಡಿಸುತ್ತಿರುತ್ತಾರೆ. ಇದನ್ನು ದೂರು ಅಂತ ಹೇಳುತ್ತಿಲ್ಲ. ಅವರು ನುಡಿಸುವುದನ್ನು ನೋಡಿಯೇ ಮದುವೆಯಾದದ್ದು ನಾನು. ಆದರೆ ಅವರ ವೃತ್ತಿಯ ಕಥೆ ಬರೆಯುವಾಗ ಈ ಲೆಕ್ಕವೂ ಅದರಲ್ಲಿ ಇರಲಿ.

ಬಾಡಿಗೆಕೈ
ಅಕ್ಕಾ, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಬರೆದವರು ಯಾರು, ನನಗೆ ಪರಿಚಯ ಮಾಡಿಸಿ" ಅಂದಳು.

ಲೆಕ್ಕಪತ್ರ
ಒಂದು ಎಚ್ಚರಿಕೆ. ದುಡ್ಡು, ಮನೆ, ಕಿವಿ, ಇವೆಲ್ಲ ಮಾತಾಡಿದ ಮೇಲೆ ಹೊರಗೆ ಹಾಕುವ ಮುಂಚೆ ಅವರಿಗೊಮ್ಮೆ ಕೇಳಿಸಿ. ಕಿವಿ ಮಂದವಾಗಿದೆ ಅಂತ ಗೊತ್ತಾದರೆ ನಾಳೆ ಕರೆ ಬರದೇ ಇರಬಹುದು.

ಹಳೇಸ್ನೇರ್
ಅಷ್ಟು ಹೆದರಿದರೆ ಉಳಿಯುವುದು ಪೆಡಲ್ ಮಾತು ಮಾತ್ರ. ನಿಜ ಹೇಳುವವರನ್ನು ಹೇಳಲು ಬಿಡಿ.

ಕಿವಿಮಾತು
ಲೆಕ್ಕಪತ್ರ ಹೇಳಿದ್ದು ಸರಿ. ನಾನಾದರೆ ಹೆಸರು ಹಾಕಬೇಡಿ ಅಂತೀನಿ, ಮಾತು ಹಾಕಿ ಅಂತೀನಿ.

ಮಾತುಗಾರ
ಎಲ್ಲರಿಗೂ ಕೇಳಿಸಿ, ಒಪ್ಪಿದ್ದನ್ನು ಮಾತ್ರ ಹಾಕುತ್ತೇನೆ. ಕೊನೆಗೆ ಒಂದು: ಮಾತಿಗೆ ಯಾವ ಹೊತ್ತು ಒಳ್ಳೆಯದು? ಶೋಗೆ ಮುಂಚೆಯಾ?

ರಾತ್ರಿಶೋ
ಬೇಡ. ಶೋಗೆ ಮುಂಚೆ ನಮ್ಮ ತಲೆಯಲ್ಲಿ ಮೊದಲ ಹಾಡಿನ ವೇಗ ಮಾತ್ರ ಇರುತ್ತದೆ. ಮುಗಿದ ತಕ್ಷಣವೂ ಬೇಡ, ಕಿವಿ ಗುಂಯ್ ಅನ್ನುತ್ತಿರುತ್ತದೆ. ಕಿಟ್ ಬಿಚ್ಚುವಾಗ ಬನ್ನಿ. ಕೈಗೆ ಕೆಲಸ ಇರುತ್ತದೆ, ಬಾಯಿ ಬಿಡುವಾಗಿರುತ್ತದೆ. ಸಿಂಬಲ್ ಸ್ಟ್ಯಾಂಡ್‌ನ ರೆಕ್ಕೆ ನಟ್ಟು ಕಳೆಯದ ಹಾಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತರೆ ಸಾಕು.

ಸಿಂಬಲ್‌ಸದ್ದು
ಅದರ ಜೊತೆಗಿನ ಫೆಲ್ಟ್ ಬಿಲ್ಲೆಯನ್ನೂ ಹಿಡಿದುಕೊಳ್ಳಿ. ನಟ್ಟಿಗಿಂತ ಬೇಗ ಕಳೆದುಹೋಗುವುದು ಅದೇ.